ಮನೆಯ ಮೂಲೆಯ ಹೊಲಿಗೆ ಯಂತ್ರ: ಬರೆಯದೇ ಉಳಿದ ಒಂದು ಚರಿತ್ರೆ



ಚರಿತ್ರೆ ಎಂದ ಕೂಡಲೇ ಮಂಡ್ಯ ಜಿಲ್ಲೆಯವರಾದ ನಮಗೆ ನೆನಪಾಗುವುದು ಶ್ರೀರಂಗಪಟ್ಟಣದ ಕೋಟೆ, ಗುಂಬಜ್, ದರಿಯಾ ದೌಲತ್ ಮತ್ತು ಕೃಷ್ಣರಾಜಸಾಗರದ ಅಣೆಕಟ್ಟೆ. ಇವೆಲ್ಲ ನಮ್ಮ ಜಿಲ್ಲೆಯ ಹೆಮ್ಮೆಗಳು. ಇವುಗಳ ಬಗ್ಗೆ ಪುಸ್ತಕಗಳಿವೆ, ಪಠ್ಯದಲ್ಲಿ ಪಾಠಗಳಿವೆ, ಪರೀಕ್ಷೆಯಲ್ಲಿ ಪ್ರಶ್ನೆಗಳೂ ಬರುತ್ತವೆ. ಆದರೆ ಯಾವ ಪರೀಕ್ಷೆಯಲ್ಲೂ ಕೇಳದ ಒಂದು ಚರಿತ್ರೆ ನಮ್ಮ ಹೊಳಲಿನಂತಹ ಊರುಗಳ ಮನೆಗಳಲ್ಲಿ, ಕಿಟಕಿಯ ಪಕ್ಕದ ಮೂಲೆಯಲ್ಲಿ, ಹಳೆಯ ಸೀರೆಯ ತುಂಡು ಹೊದ್ದುಕೊಂಡು ಕುಳಿತಿದೆ. ಕಪ್ಪು ಬಣ್ಣದ ಕಬ್ಬಿಣದ ಮೈ, ಅದರ ಮೇಲೆ ಮಾಸಿದ ಚಿನ್ನದ ಬಣ್ಣದ ಬಳ್ಳಿ, ಬಲಗಡೆ ಒಂದು ಚಕ್ರ. ಆಡುಮಾತಿನಲ್ಲಿ ನಾವು ಅದನ್ನು ‘ಮಿಷನ್’ ಎನ್ನುತ್ತೇವೆ. ಅದೇ ಹೊಲಿಗೆ ಯಂತ್ರ.

ಈ ಯಂತ್ರಗಳು ಈಗ ಒಂದೊಂದಾಗಿ ಗುಜರಿ ಗಾಡಿ ಏರುತ್ತಿವೆ. ತಕ್ಕಡಿಗೆ ಗೊತ್ತಿರುವುದು ಕಬ್ಬಿಣದ ತೂಕ ಮಾತ್ರ. ಆ ಯಂತ್ರದಿಂದ ಎಷ್ಟು ಮಕ್ಕಳ ಶಾಲೆಯ ಫೀಸು ಕಟ್ಟಲಾಯಿತು, ಎಷ್ಟು ಹಬ್ಬಗಳ ಹೊಸ ಬಟ್ಟೆ ಹೊರಬಂದವು, ಗಂಡನನ್ನು ಕಳೆದುಕೊಂಡ ಯಾವ ತಾಯಿ ಯಾರ ಮುಂದೆಯೂ ಕೈ ಚಾಚದೆ ಮನೆ ನಡೆಸಿದಳು ಎಂಬ ಲೆಕ್ಕ ಅದಕ್ಕೆ ತಿಳಿಯದು. ಆ ಲೆಕ್ಕ ಬೇರೆಲ್ಲಿಯೂ ಬರೆದಿಟ್ಟಿಲ್ಲ. ಆದುದರಿಂದ ಗುಜರಿಯವನಿಗೆ ಕೊಡುವ ಮೊದಲು ಒಮ್ಮೆ ಆ ಯಂತ್ರವನ್ನು ಓದೋಣ ಎಂಬುದೇ ಈ ಲೇಖನದ ಉದ್ದೇಶ.

ಸೂಜಿಯ ಕಾಯಕ

ಯಂತ್ರಕ್ಕಿಂತ ಮೊದಲು ಸೂಜಿ ಇತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಹೊಲಿಗೆಯೇ ಅವರ ಕಾಯಕ, ಅದೇ ಅವರ ಹೆಸರೂ ಆಯಿತು. ಮಹಾರಾಷ್ಟ್ರದ ಸಂತ ನಾಮದೇವರು ಸಿಂಪಿಗರ ಮನೆಯವರು. ಹಜರತ್ ಇದ್ರೀಸ್ ಅಲೈಹಿಸ್ಸಲಾಮರು ಮೊಟ್ಟಮೊದಲು ಬಟ್ಟೆ ಹೊಲಿದು ತೊಟ್ಟವರು ಎಂಬ ಮಾತು ಮುಸ್ಲಿಂ ದರ್ಜಿಗಳಲ್ಲಿ ತಲೆಮಾರುಗಳಿಂದ ಬಂದಿದೆ. ಅಂದರೆ ಸೂಜಿಯ ಕೆಲಸವನ್ನು ಕೀಳೆಂದು ನೋಡುವ ಸಂಪ್ರದಾಯ ನಮ್ಮ ಯಾವ ಹಿರಿಯರಲ್ಲಿಯೂ ಇರಲಿಲ್ಲ.

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ದರ್ಜಿಯ ಮೇಜು ಒಂದು ಸಣ್ಣ ನಿಘಂಟಿನಂತೆ ಕಾಣುತ್ತದೆ. ‘ಹೊಲಿಗೆ’ ಅಚ್ಚ ಕನ್ನಡದ ಮಾತು. ‘ಸೂಜಿ’, ‘ಕತ್ತರಿ’ ಸಂಸ್ಕೃತ ಮೂಲದವು. ‘ದರ್ಜಿ’, ಒಳಬಟ್ಟೆಗೆ ಹೇಳುವ ‘ಅಸ್ತರ್’, ಅಳತೆಯ ‘ಗಜ’ ಪಾರಸಿಯಿಂದ ಬಂದವು. ‘ಜೇಬು’, ‘ಕಮೀಜು’, ದಿಂಬಿನ ‘ಗಲೀಪು’ ಅರಬ್ಬಿಯಿಂದ ಬಂದವು. ಗುಂಡಿ ಹಾಕುವ ರಂಧ್ರಕ್ಕೆ ಹೇಳುವ ‘ಕಾಜಾ’ ಮತ್ತು ಬಟ್ಟೆಗೆ ಹಾಕುವ ‘ಇಸ್ತ್ರಿ’ ಪೋರ್ಚುಗೀಸರ ಕಾಲದ ಉಳಿಕೆಗಳು. ‘ಬಾಬಿನ್’, ‘ಟೇಪು’ ಇಂಗ್ಲಿಷಿನವು. ಒಂದು ಅಂಗಿ ಹೊಲಿದು ಮುಗಿಸುವಷ್ಟರಲ್ಲಿ ನಮ್ಮ ದರ್ಜಿ ಆರು ಭಾಷೆಗಳನ್ನು ಮುಟ್ಟಿರುತ್ತಾನೆ. ನಮ್ಮ ನಾಡಿಗೆ ಯಾರು ಯಾರು ಬಂದು ಹೋದರು ಎಂಬುದಕ್ಕೆ ಇದೂ ಒಂದು ದಾಖಲೆಯೇ.

ಯಂತ್ರವನ್ನು ಕಂಡುಹಿಡಿದವರು ಯಾರು?

ಈ ಪ್ರಶ್ನೆಗೆ ಒಂದೇ ಹೆಸರಿನ ಉತ್ತರವಿಲ್ಲ. ಫ್ರಾನ್ಸ್ ದೇಶದ ಬಡ ದರ್ಜಿ ಬಾರ್ತಲೆಮಿ ತಿಮೊನಿಯೆ 1830ರಲ್ಲಿ ಒಂದು ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ. ಪ್ಯಾರಿಸ್ಸಿನಲ್ಲಿ ಅಂತಹ 80 ಯಂತ್ರಗಳನ್ನಿಟ್ಟು ಸೈನಿಕರ ಸಮವಸ್ತ್ರ ಹೊಲಿಯುವ ಕಾರ್ಯಾಗಾರವೂ ಆರಂಭವಾಯಿತು. 1831ರಲ್ಲಿ, ತಮ್ಮ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಹೆದರಿದ ದರ್ಜಿಗಳೇ ಗುಂಪಾಗಿ ನುಗ್ಗಿ ಅವನ್ನು ಒಡೆದು ಹಾಕಿದರು. ತಿಮೊನಿಯೆ 1857ರಲ್ಲಿ ಬಡತನದಲ್ಲಿಯೇ ತೀರಿಕೊಂಡ. ಅಮೆರಿಕದ ವಾಲ್ಟರ್ ಹಂಟ್ ಎಂಬಾತ 1830ರ ದಶಕದಲ್ಲಿ ಎರಡು ದಾರಗಳಿಂದ ಹೊಲಿಯುವ ಯಂತ್ರವನ್ನು ಮಾಡಿದ್ದರೂ, ಕೈಹೊಲಿಗೆಯ ಹೆಣ್ಣುಮಕ್ಕಳ ಕೂಲಿ ಹೋಗುತ್ತದೆ ಎಂಬ ಅಳುಕಿನಿಂದ ಆಗ ಪೇಟೆಂಟ್ ಪಡೆಯಲಿಲ್ಲ ಎಂದು ಹೇಳುತ್ತಾರೆ.

ಅಮೆರಿಕದವನೇ ಆದ ಎಲಿಯಾಸ್ ಹೋವ್ 1846ರ ಸೆಪ್ಟೆಂಬರ್ 10ರಂದು ಪೇಟೆಂಟ್ ಪಡೆದ ಯಂತ್ರದಲ್ಲಿ ಇಂದಿನ ಹೊಲಿಗೆಯ ಮೂಲತತ್ವ ಇತ್ತು. ಕೈಸೂಜಿಯ ಕಣ್ಣು ಹಿಂದಿನ ತುದಿಯಲ್ಲಿರುತ್ತದೆ. ಯಂತ್ರದ ಸೂಜಿಯ ಕಣ್ಣು ಚೂಪಾದ ತುದಿಯ ಬಳಿ ಇರುತ್ತದೆ. ಸೂಜಿ ಬಟ್ಟೆಯೊಳಗೆ ಇಳಿದು ಮೇಲೇಳುವಾಗ ಕೆಳಗೆ ಒಂದು ದಾರದ ಕುಣಿಕೆ ಉಂಟಾಗುತ್ತದೆ. ಬಾಬಿನ್ನಿನ ದಾರ ಆ ಕುಣಿಕೆಯೊಳಗೆ ಹಾಯುತ್ತದೆ. ಎರಡು ದಾರಗಳೂ ಬಟ್ಟೆಯ ದಪ್ಪದ ನಡುವೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮೇಲಿನಿಂದ ನೋಡಿದರೂ ಕೆಳಗಿನಿಂದ ನೋಡಿದರೂ ಹೊಲಿಗೆ ಒಂದೇ ರೀತಿ ಕಾಣುವುದು ಇದರಿಂದಲೇ. ಹೋವ್‌ನ ಯಂತ್ರ ನಿಮಿಷಕ್ಕೆ 250 ಹೊಲಿಗೆ ಹಾಕುತ್ತಿತ್ತು. ಐವರು ನುರಿತ ಹೊಲಿಗೆಯವರ ಜೊತೆ ಪಂದ್ಯ ಕಟ್ಟಿ ಅವರನ್ನು ಮೀರಿಸಿತ್ತು.

ಐಸಾಕ್ ಮೆರಿಟ್ ಸಿಂಗರ್ ಬಂದದ್ದು ಇವರೆಲ್ಲರ ನಂತರ. ಆತ ನಾಟಕದ ನಟ, ಜೊತೆಗೆ ಯಂತ್ರಕುಶಲಿ. 1850ರಲ್ಲಿ ಬಾಸ್ಟನ್ ನಗರದ ಒಂದು ಕಾರ್ಯಾಗಾರದಲ್ಲಿ ಬೇರೆಯವರ ಹೊಲಿಗೆ ಯಂತ್ರದ ಲೋಪಗಳನ್ನು ನೋಡಿ ಅದನ್ನು ಸುಧಾರಿಸಿದ. 1851ರ ಆಗಸ್ಟ್ 12ರಂದು ಆತನಿಗೆ ಪೇಟೆಂಟ್ ದೊರೆಯಿತು. ಆನಂತರ ಪೇಟೆಂಟ್ ಹಕ್ಕಿಗಾಗಿ ಹೋವ್ ಮತ್ತು ಸಿಂಗರ್ ನ್ಯಾಯಾಲಯದಲ್ಲಿ ಹೋರಾಡಿದರು, ಗೆದ್ದವನು ಹೋವ್. 1856ರಲ್ಲಿ ಮುಖ್ಯ ತಯಾರಕರೆಲ್ಲ ತಮ್ಮ ಪೇಟೆಂಟುಗಳನ್ನು ಒಟ್ಟುಗೂಡಿಸುವ ಒಪ್ಪಂದಕ್ಕೆ ಬಂದರು.

ಇದರಿಂದ ಆದ ಬದಲಾವಣೆ ಎಷ್ಟೆಂಬುದಕ್ಕೆ 1860ರ ದಶಕದ ಆರಂಭದಲ್ಲಿ ವೀಲರ್ ಅಂಡ್ ವಿಲ್ಸನ್ ಎಂಬ ತಯಾರಕರು ಪ್ರಕಟಿಸಿದ ಲೆಕ್ಕವನ್ನು ನೋಡಬಹುದು. ಗಂಡಸರ ಒಂದು ಅಂಗಿಯನ್ನು ಕೈಯಲ್ಲಿ ಹೊಲಿಯಲು 14 ಗಂಟೆ 26 ನಿಮಿಷ ಬೇಕಿತ್ತು. ಯಂತ್ರದಲ್ಲಿ 1 ಗಂಟೆ 16 ನಿಮಿಷ ಸಾಕಾಯಿತು. ಮಾರುವವರ ಲೆಕ್ಕವಾದ್ದರಿಂದ ಸ್ವಲ್ಪ ಉಬ್ಬಿಸಿರಬಹುದು ಎಂದುಕೊಂಡರೂ ವ್ಯತ್ಯಾಸ ಸಣ್ಣದಲ್ಲ.

ಕಂತಿನ ವ್ಯಾಪಾರ, ಸ್ಕಾಟ್ಲೆಂಡಿನ ಕಾರ್ಖಾನೆ

ಸಿಂಗರ್ ಕಂಪನಿಯ ನಿಜವಾದ ಜಾಣ್ಮೆ ಇದ್ದದ್ದು ಮಾರಾಟದಲ್ಲಿ. ಸಾಮಾನ್ಯ ಸಂಸಾರಕ್ಕೆ ಯಂತ್ರದ ಬೆಲೆ ಒಮ್ಮೆಲೇ ಕೊಡಲಾಗದಷ್ಟಿತ್ತು. ಸಿಂಗರ್‌ನ ಪಾಲುದಾರ, ವಕೀಲ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಕಂತಿನ ಪದ್ಧತಿಯನ್ನು ಜಾರಿಗೆ ತಂದ. ಸ್ವಲ್ಪ ಹಣ ಮುಂಗಡ ಕೊಟ್ಟು ಯಂತ್ರವನ್ನು ಮನೆಗೆ ಒಯ್ಯುವುದು, ಅದರಲ್ಲಿ ಹೊಲಿದು ಬಂದ ಸಂಪಾದನೆಯಿಂದಲೇ ಬಾಕಿ ತೀರಿಸುವುದು. ಇಂದು ಫೋನು, ಬೈಕು ಎಲ್ಲವನ್ನೂ ಕಂತಿನಲ್ಲಿ ಕೊಳ್ಳುವ ನಾವು, ಈ ಪದ್ಧತಿಯನ್ನು ಜಗತ್ತಿನ ಮನೆಮನೆಗೆ ಮುಟ್ಟಿಸಿದ್ದರಲ್ಲಿ ಹೊಲಿಗೆ ಯಂತ್ರದ ಪಾಲು ದೊಡ್ಡದು ಎಂಬುದನ್ನು ತಿಳಿದಿರಬೇಕು.

ನಮ್ಮ ದೇಶದಲ್ಲಿ ಸಿಗುವ ಹಳೆಯ ಸಿಂಗರ್ ಯಂತ್ರಗಳಲ್ಲಿ ಬಹಳಷ್ಟು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಎಂಬ ಊರಿನಲ್ಲಿ ತಯಾರಾದವು. ಅಲ್ಲಿನ ಕಿಲ್ಬೋವಿ ಕಾರ್ಖಾನೆ 1885ರಲ್ಲಿ ಆರಂಭವಾಯಿತು. 1913ರ ಒಂದೇ ವರ್ಷದಲ್ಲಿ ಅಲ್ಲಿಂದ 13 ಲಕ್ಷಕ್ಕೂ ಹೆಚ್ಚು ಯಂತ್ರಗಳು ಜಗತ್ತಿನ ನಾನಾ ಭಾಗಗಳಿಗೆ ಹೋದವು.

ಆ ಕಾರ್ಖಾನೆಯ ಒಂದು ಘಟನೆಯನ್ನು ವಿದ್ಯಾರ್ಥಿಗಳು ನೆನಪಿಡಬೇಕು. 1911ರ ಮಾರ್ಚ್ ತಿಂಗಳಲ್ಲಿ ಯಂತ್ರದ ಮರದ ಪೆಟ್ಟಿಗೆಗಳಿಗೆ ಹೊಳಪು ಕೊಡುತ್ತಿದ್ದ 12 ಮಂದಿ ಮಹಿಳೆಯರು, ತಮ್ಮ ಮೇಲೆ ಹೆಚ್ಚಿನ ಕೆಲಸ ಹೇರಿದ್ದನ್ನು ವಿರೋಧಿಸಿ ಕೆಲಸ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಸುಮಾರು 11,000 ಕಾರ್ಮಿಕರು ಅವರೊಂದಿಗೆ ಹೊರಬಂದರು. ಮುಷ್ಕರ ಗೆಲ್ಲಲಿಲ್ಲ, ಅನೇಕರು ಕೆಲಸ ಕಳೆದುಕೊಂಡರು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಆದರೆ ಅಲ್ಲಿನ ರೈಲು ನಿಲ್ದಾಣದ ಹೆಸರು ಇಂದಿಗೂ ‘ಸಿಂಗರ್’ ಎಂದೇ ಇದೆ. ನಮ್ಮ ಮನೆಯ ಯಂತ್ರದ ಮರದ ಮುಚ್ಚಳ ಇನ್ನೂ ಮಿನುಗುತ್ತಿದ್ದರೆ, ಅದರ ಹಿಂದೆ ದೂರದೇಶದ ಅಂತಹ ಹೆಣ್ಣುಮಕ್ಕಳ ಕೈ ಇರಬಹುದು.

ಭಾರತಕ್ಕೆ, ಅಲ್ಲಿಂದ ಮಂಡ್ಯ ಸೀಮೆಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಭಾರತದಲ್ಲಿ ಸಿಂಗರ್ ವ್ಯಾಪಾರವನ್ನು ಬೆಳೆಸಿದವರು ಮುಂಬಯಿಯ ಪಾರಸಿ ಗೃಹಸ್ಥ ಎನ್.ಎಂ. ಪಟೇಲ್. ಬಟ್ಟೆಯನ್ನು ಹೊಲಿಯದೆಯೇ ಉಡುವ ಸೀರೆ, ಪಂಚೆಗಳ ದೇಶದಲ್ಲಿ ಹೊಲಿಗೆ ಯಂತ್ರ ಯಾರಿಗೆ ಬೇಕು ಎಂಬ ಅನುಮಾನ ಕಂಪನಿಯವರಿಗೂ ಇತ್ತು. ಆದರೆ ಇಲ್ಲಿ ದರ್ಜಿಗಳಿದ್ದರು. ದಂಡು ಪ್ರದೇಶಗಳಲ್ಲಿ ಸೈನಿಕರ ಬಟ್ಟೆ ಹೊಲಿಯುವವರಿದ್ದರು. ರವಿಕೆ, ಅಂಗಿ, ಪಾಯಿಜಾಮ, ಶೇರ್ವಾನಿ ಹೊಲಿಯುವವರಿದ್ದರು. 1809ರಿಂದ ಬೆಳೆದ ಬೆಂಗಳೂರು ದಂಡಿನಲ್ಲಿ ಇಂತಹ ದರ್ಜಿಗಳಿಗೆ ಕೆಲಸಕ್ಕೆ ಕೊರತೆ ಇರಲಿಲ್ಲ.

1876–78ರ ಭೀಕರ ಕ್ಷಾಮದ ನಂತರ, 1882ರ ವೇಳೆಗೆ ಬೆಂಗಳೂರು–ಮೈಸೂರು ರೈಲುಮಾರ್ಗ ಮದ್ದೂರು, ಮಂಡ್ಯದ ಮೂಲಕ ಪೂರ್ಣಗೊಂಡಿತು. ತೂಕದ ಕಬ್ಬಿಣದ ಸಾಮಾನು ಒಳನಾಡಿಗೆ ಬರಲು ದಾರಿಯಾಯಿತು. ಆದರೆ ದಾರಿ ಇದ್ದರಷ್ಟೇ ಸಾಲದು, ಕೊಳ್ಳಲು ಕೈಯಲ್ಲಿ ಕಾಸೂ ಬೇಕು. ಮಳೆಯನ್ನೇ ನಂಬಿ ರಾಗಿ ಬೆಳೆಯುತ್ತಿದ್ದ ಈ ಸೀಮೆಗೆ ಆ ಕಾಸು ಬಂದದ್ದು ನೀರಿನಿಂದ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕೆಲಸ ಮುಗಿದು, 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ ನೀರು, ಹೊಲಗಳಿಗೆ ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಕಬ್ಬಿನ ಹಣ ಬಂದ ಮೇಲೆ ಹಳ್ಳಿಗಳಲ್ಲಿ ಹೊಸ ಬಟ್ಟೆ ಹೊಲಿಸುವವರು ಹೆಚ್ಚಿದರು. ಹೊಲಿಸುವವರು ಹೆಚ್ಚಿದ ಕಡೆ ಹೊಲಿಯುವವರಿಗೆ ಯಂತ್ರ ಬೇಕಾಯಿತು.

ಹೊಳಲು ಎಂಬ ಹೆಸರನ್ನೇ ನೋಡಿ. ಹಳಗನ್ನಡದಲ್ಲಿ ‘ಪೊಳಲ್’ ಎಂದರೆ ಪಟ್ಟಣ. ಹಿಂದೆ ಪಟ್ಟಣವೆಂದು ಕರೆಸಿಕೊಂಡ ಹೆಸರಿನ ಊರು ಇಂದು ಹಳ್ಳಿಯಾಗಿದ್ದರೂ, ಪಟ್ಟಣದ ಕಸುಬುಗಳು ಇಲ್ಲಿನ ಜನಕ್ಕೆ ದೂರವಲ್ಲ. ಜಗಲಿಯ ಮೇಲೆ ಯಂತ್ರ ಇಟ್ಟುಕೊಂಡು ಕುಳಿತ ದರ್ಜಿ, ಒಳಮನೆಯಲ್ಲಿ ಕೈಮಿಷನ್ ತಿರುಗಿಸುವ ಹೆಂಗಸು, ಇವರಿಬ್ಬರನ್ನೂ ನೋಡದೆ ಬೆಳೆದವರು ನಮ್ಮ ತಲೆಮಾರಿನಲ್ಲಿ ಕಡಿಮೆ.

ಯಂತ್ರಗಳನ್ನು ಸಂದೇಹದಿಂದ ನೋಡುತ್ತಿದ್ದ ಗಾಂಧೀಜಿಯವರು ಸಹ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. 1924ರಲ್ಲಿ ನಡೆದ ಒಂದು ಸಂವಾದದಲ್ಲಿ, ಸಿಂಗರ್ ಯಂತ್ರ ಮನುಷ್ಯ ಕಂಡುಹಿಡಿದ ಕೆಲವೇ ಉಪಯುಕ್ತ ವಸ್ತುಗಳಲ್ಲೊಂದು ಎಂಬ ಅರ್ಥದ ಮಾತನ್ನಾಡಿದರು. ಹೆಂಡತಿ ಕೈಹೊಲಿಗೆಯಲ್ಲಿ ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದನೆಂದು ಅವರು ಕೇಳಿ ತಿಳಿದಿದ್ದರು. ಸಿಂಗರ್‌ನ ಜೀವನಚರಿತ್ರೆ ಹಾಗೆ ಹೇಳುವುದಿಲ್ಲ ಎಂಬುದನ್ನು ಮೇಲೆ ನೋಡಿದ್ದೇವೆ. ಆದರೂ ಗಾಂಧೀಜಿಯವರ ಅಳತೆಗೋಲು ಸರಿಯಾದದ್ದೇ. ಯಂತ್ರ ಮನುಷ್ಯನ ಕೈಯನ್ನು ಕಿತ್ತುಕೊಳ್ಳುತ್ತದೆಯೋ ಅಥವಾ ಕೈಗೆ ಬಲ ಕೊಡುತ್ತದೆಯೋ ಎಂಬುದೇ ಅವರ ಪ್ರಶ್ನೆಯಾಗಿತ್ತು.

ನಮ್ಮ ದೇಶದ ಯಂತ್ರಗಳು

1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಇಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಹೊಲಿಗೆ ಯಂತ್ರವನ್ನು ಹೊರತಂದಿತು. ಆ ಕಂಪನಿಯನ್ನು ಬೆಳೆಸಿದವರು ದೆಹಲಿಯ ಉದ್ಯಮಿ ಲಾಲಾ ಶ್ರೀರಾಮ್. ಸ್ವಾತಂತ್ರ್ಯಾನಂತರ ವಿದೇಶಿ ಸಾಮಾನಿನ ಆಮದಿಗೆ ನಿರ್ಬಂಧ ಬಂದಾಗ ದೇಶೀಯ ಯಂತ್ರಗಳಿಗೆ ಬೇಡಿಕೆ ಏರಿತು. ಪಂಜಾಬಿನ ಲುಧಿಯಾನ ನಗರ ಹೊಲಿಗೆ ಯಂತ್ರ ಮತ್ತು ಬಿಡಿಭಾಗಗಳ ದೊಡ್ಡ ಕೇಂದ್ರವಾಯಿತು. ‘ಮೆರಿಟ್’ ಎಂಬ ಹೆಸರಿನ ಯಂತ್ರ ನಮ್ಮ ಅನೇಕ ಮನೆಗಳಲ್ಲಿದೆ; ಅದು ಐಸಾಕ್ ಮೆರಿಟ್ ಸಿಂಗರ್‌ನ ನಡುವಿನ ಹೆಸರು.

ನಮ್ಮ ದೇಶದ ಕಪ್ಪು ಯಂತ್ರಗಳಲ್ಲಿ ಹೆಚ್ಚಿನವು ಸಿಂಗರ್‌ನ 15ನೇ ಮಾದರಿಯ ಅಚ್ಚನ್ನೇ ಅನುಸರಿಸಿದವು. ಹಳೆಯ ಯಂತ್ರವನ್ನು ರಿಪೇರಿ ಮಾಡಬೇಕೆನ್ನುವವರಿಗೆ ಇದೊಂದು ಭಾಗ್ಯವೇ ಸರಿ. ಆ ಮಾದರಿಯ ಸೂಜಿ, ಬಾಬಿನ್, ಬಾಬಿನ್ ಕೇಸ್ ಇಂದಿಗೂ ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ.

ಯಂತ್ರ ಯಾರದು?

ಹೊಲ, ಮನೆ, ದನ ಎಲ್ಲವೂ ಗಂಡಸಿನ ಹೆಸರಿನಲ್ಲಿದ್ದ ಕಾಲದಲ್ಲಿ ಹೊಲಿಗೆ ಯಂತ್ರ ಮಾತ್ರ ಹೆಂಗಸಿನದಾಗಿತ್ತು. ಮದುವೆಯಲ್ಲಿ ತವರಿನಿಂದ ಬಂದದ್ದೋ, ಚೀಟಿ ಹಣದಲ್ಲಿ ಕೊಂಡದ್ದೋ, ಅಂತೂ ‘ಅಮ್ಮನ ಮಿಷನ್’, ‘ನಾನಿಮಾ ಮಿಷನ್’ ಎಂದೇ ಅದನ್ನು ಕರೆಯುತ್ತೇವೆ. ಜಹೇಜಿನ ಪಟ್ಟಿಯಲ್ಲಿ ಅದು ಕಡ್ಡಾಯ ಸಾಮಾನಾದದ್ದು ಒಳ್ಳೆಯದಲ್ಲ. ಕೇಳಿ ಪಡೆಯುವ ಯಾವುದೂ ಒಳ್ಳೆಯದಲ್ಲ. ಆದರೆ ಆ ಪಟ್ಟಿಯ ಮಂಚ, ಬೀರುಗಳು ಧೂಳು ಹಿಡಿದು ಕುಳಿತಾಗ ಮನೆಗೆ ಅನ್ನ ತಂದದ್ದು ಯಂತ್ರ ಒಂದೇ ಎಂಬುದೂ ಸತ್ಯ.

ಪರದೆಯ ಕಟ್ಟುಪಾಡಿನಲ್ಲಿ ಹೊರಗೆ ಕೂಲಿಗೆ ಹೋಗಲಾಗದ ಹೆಣ್ಣುಮಕ್ಕಳಿಗೆ ಮನೆಯೊಳಗೇ ಸಂಪಾದನೆಯ ದಾರಿ ಅದು. ಆದರೆ ಅದು ಒಂದೇ ಸಮಾಜದ ಕಥೆಯಲ್ಲ. ರಂಜಾನ್ ತಿಂಗಳಲ್ಲಿ ಪಕ್ಕದ ಮನೆಯ ಗೌಡತಿ ಹೊಲಿದ ಲಂಗ ನಮ್ಮ ಮಕ್ಕಳು ತೊಟ್ಟಿದ್ದಾರೆ, ಯುಗಾದಿಗೆ ನಮ್ಮ ಮನೆಯಲ್ಲಿ ಹೊಲಿದ ರವಿಕೆಗಳನ್ನು ಅವರು ತೊಟ್ಟಿದ್ದಾರೆ. ಕಾಜಾ ಹೊಡೆಯಲು, ಸೀರೆಗೆ ಫಾಲ್ಸ್ ಹಾಕಲು ಮೊದಲು ಕೂತವರು ಹೆಣ್ಣುಮಕ್ಕಳೇ. ಅಮ್ಮ ಚಕ್ರ ತಿರುಗಿಸುವಾಗ ದೀಪ ಹಿಡಿದು ಕುಳಿತ ಮಗಳು, ಅದೇ ದೀಪದಲ್ಲಿ ಪಾಠ ಓದಿ ಟೀಚರಾದ ಉದಾಹರಣೆಗಳು ನಿಮ್ಮ ಬೀದಿಯಲ್ಲೇ ಇರಬಹುದು, ವಿಚಾರಿಸಿ ನೋಡಿ.

ಇಂದು ಮದ್ದೂರು ಸುತ್ತಮುತ್ತಲ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ನಮ್ಮ ತಾಲೂಕುಗಳ ಹೆಣ್ಣುಮಕ್ಕಳು ಬೆಳಗಿನ ವಾಹನ ಹತ್ತಿ ಹೋಗುತ್ತಾರೆ. ಅಲ್ಲಿನ ಕರೆಂಟ್ ಯಂತ್ರಗಳು ನಿಮಿಷಕ್ಕೆ ಸಾವಿರಾರು ಹೊಲಿಗೆ ಹಾಕುತ್ತವೆ. ತಿಂಗಳ ಸಂಬಳ, ಭವಿಷ್ಯನಿಧಿ ಇವೆಲ್ಲ ಮನೆಹೊಲಿಗೆಯಲ್ಲಿ ಇರಲಿಲ್ಲ, ಅದನ್ನು ಒಪ್ಪಬೇಕು. ಆದರೆ ಅಲ್ಲಿ ಒಬ್ಬಳು ದಿನವಿಡೀ ಕಾಲರನ್ನು ಮಾತ್ರ ಹೊಲಿಯುತ್ತಾಳೆ, ಇನ್ನೊಬ್ಬಳು ತೋಳನ್ನು ಮಾತ್ರ. ಇಡೀ ಅಂಗಿಯನ್ನು ಅಳತೆ ತೆಗೆದು, ಕತ್ತರಿಸಿ, ಹೊಲಿದು ಮುಗಿಸುವ ವಿದ್ಯೆ ಮನೆಯ ಯಂತ್ರದ ಮುಂದೆ ಕುಳಿತವಳದಾಗಿತ್ತು. ಯಂತ್ರವೂ ಅವಳದೇ, ವೇಳೆಯೂ ಅವಳದೇ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಸೇರಿದೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವಿದೆ. ಅಂದರೆ ಸ್ವಂತ ಯಂತ್ರದ ಬೆಲೆ ಸರಕಾರಕ್ಕೂ ತಿಳಿದಿದೆ. ಹೊಸದಕ್ಕೆ ಅರ್ಜಿ ಹಾಕುವ ಮನೆಯಲ್ಲೇ ಹಳೆಯದು ಗುಜರಿಗೆ ಹೋಗುತ್ತಿದ್ದರೆ ಒಮ್ಮೆ ಯೋಚಿಸಬೇಕು.

ಹಳೆಯ ಯಂತ್ರವನ್ನು ಓದುವ ಬಗೆ

ಶಾಸನ ಓದುವವರು ಮೊದಲು ಕಲ್ಲಿನ ಧೂಳು ಒರೆಸುತ್ತಾರೆ. ಇಲ್ಲಿಯೂ ಹಾಗೆಯೇ. ಸಿಂಗರ್ ಯಂತ್ರದ ಬಲಗಡೆ, ಕಂಬದ ಬುಡದಲ್ಲಿ ಒಂದು ಸಂಖ್ಯೆಯನ್ನು ಅಚ್ಚೊತ್ತಿರುತ್ತಾರೆ. ಬರೀ ಅಂಕಿ ಇದ್ದು ಅಕ್ಷರ ಇಲ್ಲದಿದ್ದರೆ ಅದು ಸಾಮಾನ್ಯವಾಗಿ 1900ಕ್ಕಿಂತ ಹಿಂದಿನದು. ಮುಂದೆ ಒಂದೇ ಇಂಗ್ಲಿಷ್ ಅಕ್ಷರವಿದ್ದರೆ 1900ರ ನಂತರದ್ದು. ಎರಡು ಅಕ್ಷರಗಳಿದ್ದರೆ 1935ರಿಂದ ಈಚಿನದು. ‘ಎಫ್’ ಮತ್ತು ‘ವೈ’ ಅಕ್ಷರಗಳು ಕ್ಲೈಡ್‌ಬ್ಯಾಂಕ್ ಕಾರ್ಖಾನೆಯವು. ‘ವೈ’ ಇದ್ದರೆ 1921ರಿಂದ 1935ರ ಒಳಗಿನದು. ಮಾದರಿ ಸಂಖ್ಯೆಯ ಜೊತೆ ‘ಕೆ’ ಅಕ್ಷರವಿದ್ದರೆ ಅದು ಕಿಲ್ಬೋವಿಯ ಗುರುತು.

ನಂತರ ಬಾಬಿನ್ ನೋಡಿ. ದುಂಡಗಿನ ಬಾಬಿನ್ ಇದ್ದರೆ ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಕಡ್ಡಿಯಂತಹ ಉದ್ದನೆಯ ಬಾಬಿನ್, ಅದನ್ನು ಇಡಲು ಶಟಲ್ ಇದ್ದರೆ ಅದು ಹಳೆಯ 27 ಅಥವಾ 28ರಂತಹ ಮಾದರಿ. ಆ ಶಟಲ್ಲನ್ನು ಮಕ್ಕಳ ಆಟಕ್ಕೆ ಕೊಡಬೇಡಿ. ಅದು ಕಳೆದರೆ ಯಂತ್ರವೇ ನಿಂತಂತೆ. ಕೆಲವು ಯಂತ್ರಗಳ ಮೇಲೆ ಈಜಿಪ್ಟಿನ ಸ್ಫಿಂಕ್ಸ್ ಚಿತ್ರವಿರುತ್ತದೆ. ಅದು ಆ ಕಾಲದ ಅಲಂಕಾರವಷ್ಟೇ, ಯಾವ ಮಾಟಮಂತ್ರವೂ ಅಲ್ಲ.

ಮತ್ತೆ ಓಡಿಸುವ ಬಗೆ

ನಿಂತುಹೋದ ಯಂತ್ರದ ಚಕ್ರವನ್ನು ಬಲವಂತವಾಗಿ ತಿರುಗಿಸಬಾರದು. ಸೂಜಿ, ಬಾಬಿನ್ ತೆಗೆದು, ಹಳೆಯ ಟೂತ್ ಬ್ರಷ್ಷಿನಿಂದ ಒಳಗಿನ ಧೂಳು, ನೂಲಿನ ಚೂರುಗಳನ್ನು ತೆಗೆಯಿರಿ. ಬಟ್ಟೆಯನ್ನು ಮುಂದಕ್ಕೆ ದೂಡುವ ಹಲ್ಲುಗಳ ಕೆಳಗೆ ವರ್ಷಗಳ ಕಸ ಕಂಬಳಿಯಂತೆ ಗಟ್ಟಿಯಾಗಿರುತ್ತದೆ. ಅನೇಕ ಯಂತ್ರಗಳ ರೋಗ ಅಷ್ಟೇ.

ಆಮೇಲೆ ಎಣ್ಣೆ. ನಮ್ಮಲ್ಲಿ ಕೈಗೆ ಸಿಕ್ಕ ಕೊಬ್ಬರಿ ಎಣ್ಣೆಯನ್ನೇ ಬಿಡುವ ರೂಢಿಯಿದೆ. ತಿನ್ನುವ ಎಣ್ಣೆಗಳು ಕಾಲಾಂತರದಲ್ಲಿ ಅಂಟಾಗಿ ಗಟ್ಟಿಯಾಗುತ್ತವೆ, ಯಂತ್ರ ಬಿಗಿದುಕೊಳ್ಳುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನೇ ಪ್ರತಿ ತೂತಿಗೂ, ಒಂದಕ್ಕೊಂದು ಉಜ್ಜುವ ಪ್ರತಿ ಜಾಗಕ್ಕೂ ಎರಡೆರಡು ಹನಿ ಬಿಡಿ. ಅಂಟು ಹೆಚ್ಚಿದ್ದರೆ ಮೊದಲು ಸ್ವಲ್ಪ ಸೀಮೆಎಣ್ಣೆ ಬಿಟ್ಟು ಸಡಿಲಿಸಿ, ಒರೆಸಿ, ನಂತರ ಎಣ್ಣೆ ಬಿಡಿ. ಒಂದೆರಡು ದಿನ ಕಾಯಿರಿ. ಚಕ್ರವನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ಅಲುಗಿಸಿ. ನಲವತ್ತು ವರ್ಷ ಮಲಗಿದ್ದ ಯಂತ್ರ ನಾಲ್ಕು ದಿನ ತಡವಾಗಿ ಎದ್ದರೆ ನಷ್ಟವೇನಿಲ್ಲ.

ಮೈಮೇಲಿನ ಚಿನ್ನದ ಬಳ್ಳಿಗಳ ಮೇಲೆ ಅರಗಿನಿಂದ ಮಾಡಿದ ತೆಳುವಾದ ಮೆರುಗು ಇರುತ್ತದೆ. ಸ್ಪಿರಿಟ್ ಅಥವಾ ಥಿನ್ನರ್ ತಾಗಿದರೆ ಅದು ಕರಗಿ ಹೋಗುತ್ತದೆ. ಸೋಪಿನಿಂದ ಉಜ್ಜುವುದೂ ಬೇಡ. ಮೆತ್ತನೆಯ ಬಟ್ಟೆಗೆ ಯಂತ್ರದ ಎಣ್ಣೆಯನ್ನೇ ಹಚ್ಚಿ ನಿಧಾನವಾಗಿ ಒರೆಸಿ. ಹೊಸದಾಗಿ ಕಾಣಲೆಂದು ಪೇಂಟ್ ಬಳಿಯಬೇಡಿ. ಹಳೆಯ ದಸ್ತಾವೇಜಿನ ಮೇಲೆ ಸುಣ್ಣ ಬಳಿದಂತಾಗುತ್ತದೆ.

ಕಾಲುಮಿಷನ್ನಿನ ಚರ್ಮದ ಬೆಲ್ಟ್ ಸಡಿಲವಾಗಿದ್ದರೆ ಸ್ವಲ್ಪ ಕತ್ತರಿಸಿ ಮತ್ತೆ ಕೊಕ್ಕೆ ಹಾಕಿ. ಹೊಸ ಸೂಜಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ ಬಿಗಿಮಾಡಿ. ಸೂಜಿಯ ಒಂದು ಬದಿಯಲ್ಲಿ ಉದ್ದನೆಯ ಗೆರೆಯಂತಹ ತಗ್ಗು ಇರುತ್ತದೆ; ದಾರ ಪೋಣಿಸಬೇಕಾದುದು ಆ ಬದಿಯಿಂದ. ಬಟ್ಟೆಯ ಕೆಳಗೆ ದಾರ ಗಂಟುಗಂಟಾದರೆ ಎಲ್ಲರೂ ಬಾಬಿನ್ನನ್ನು ಬೈಯುತ್ತಾರೆ. ಆದರೆ ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಬಟ್ಟೆ ಒತ್ತುವ ಪಾದವನ್ನು ಎತ್ತಿಟ್ಟು ದಾರವನ್ನು ಮೊದಲಿನಿಂದ ಪೋಣಿಸಿ ನೋಡಿ. ಇಷ್ಟಾದ ಮೇಲೂ ಓಡದಿದ್ದರೆ ಪೇಟೆಯ ಹಳೆಯ ಮೆಕ್ಯಾನಿಕ್ ಬಳಿಗೆ ಒಯ್ಯಿರಿ. ಅವರ ಸಂಖ್ಯೆಯೂ ಕಡಿಮೆಯಾಗುತ್ತಿದೆ. ಅವರು ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿ ಕಲಿಯುವುದು ಯಾವ ಕೋರ್ಸಿಗೂ ಕಡಿಮೆಯಲ್ಲ.

ಗಾಳಿಮಾತಿನ ಬೆಲೆ, ನಿಜವಾದ ಬೆಲೆ

ಹಳೆಯ ಸಿಂಗರ್ ಯಂತ್ರದ ಬಗ್ಗೆ ಒಂದು ಎಚ್ಚರಿಕೆ. 2009ರ ಏಪ್ರಿಲ್‌ನಲ್ಲಿ ಸೌದಿ ಅರೇಬಿಯಾದಲ್ಲಿ, ಈ ಯಂತ್ರಗಳ ಸೂಜಿಯಲ್ಲಿ ‘ಕೆಂಪು ಪಾದರಸ’ ಎಂಬ ಅಮೂಲ್ಯ ವಸ್ತುವಿದೆ ಎಂಬ ವದಂತಿ ಹಬ್ಬಿತು. ಯಂತ್ರವೊಂದಕ್ಕೆ ಎರಡು ಲಕ್ಷ ರಿಯಾಲ್‌ವರೆಗೂ ಬೆಲೆ ಹೋಯಿತೆಂದು ಆಗ ಪತ್ರಿಕೆಗಳು ವರದಿ ಮಾಡಿದ್ದವು. ಅಂತಹ ವಸ್ತು ಯಾವ ಯಂತ್ರದಲ್ಲಿಯೂ ಇಲ್ಲ, ಇರಲೂ ಇಲ್ಲ. ಸೂಜಿ ಉಕ್ಕಿನದು, ಮೈ ಬೀಡು ಕಬ್ಬಿಣದ್ದು. ಗಲ್ಫ್‌ನಲ್ಲಿರುವ ಬಂಧುಗಳಿಂದಲೋ ಫೋನಿನ ಸಂದೇಶದಿಂದಲೋ ಇಂತಹ ಮಾತು ಬಂದರೆ ನಂಬಿ ಮೋಸಹೋಗಬೇಡಿ.

ಇಲ್ಲದ ಪಾದರಸಕ್ಕೆ ಲಕ್ಷ ಕೊಡಲು ಮುಂದಾಗುವ ಲೋಕ, ಅದೇ ಯಂತ್ರದಲ್ಲಿ ಮೂವತ್ತು ವರ್ಷ ದುಡಿದ ಹೆಂಗಸಿನ ಹೆಸರನ್ನು ಮಾತ್ರ ಕೇಳುವುದಿಲ್ಲ. ವಿದ್ಯಾವಂತರಾದ ನಾವು ಆ ಹೆಸರನ್ನು ಕೇಳಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ಇದಕ್ಕೆ ಹಣ ಬೇಡ, ಕಟ್ಟಡ ಬೇಡ. ಇನ್ನೂರು ಪುಟದ ಒಂದು ನೋಟ್ ಪುಸ್ತಕ ಸಾಕು. ರಜೆಯಲ್ಲಿ ನಿಮ್ಮ ಬೀದಿಯ ಮನೆಗಳಿಗೆ, ಜಾತಿಮತ ನೋಡದೆ ಎಲ್ಲ ಮನೆಗಳಿಗೆ ಹೋಗಿ. ಪ್ರತಿ ಯಂತ್ರಕ್ಕೂ ಒಂದು ಪುಟ. ಯಂತ್ರದ ಹೆಸರು, ಅಚ್ಚೊತ್ತಿದ ಸಂಖ್ಯೆ, ಕೈಮಿಷನ್ನೋ ಕಾಲುಮಿಷನ್ನೋ, ಯಾರು ಕೊಂಡರು, ಯಾವ ಊರಿನ ಅಂಗಡಿ, ಎಷ್ಟು ಬೆಲೆ, ನಗದೋ ಕಂತೋ, ಮೊದಲು ಹೊಲಿದದ್ದೇನು, ಯಾರಿಂದ ಕಲಿತರು, ಯಾರಿಗೆ ಕಲಿಸಿದರು, ಅದರ ಸಂಪಾದನೆಯಿಂದ ಏನಾಯಿತು. ಇಷ್ಟು ಪ್ರಶ್ನೆಗಳು ಸಾಕು. ಅಜ್ಜಿ ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲಿ, ದಾದಿಮಾ ದಖನಿಯಲ್ಲಿ ಹೇಳಿದರೆ ದಖನಿಯಲ್ಲಿ, ಅವರ ಮಾತನ್ನು ತಿದ್ದದೆ ಬರೆದುಕೊಳ್ಳಿ. ಹೆಸರು ಬರೆಯಲು ಅವರ ಒಪ್ಪಿಗೆ ಕೇಳಿ. ಹೇಳಲು ಇಷ್ಟವಿಲ್ಲದ ಕಷ್ಟವನ್ನು ಕೆದಕಬೇಡಿ.

ಓಡುವ ಸ್ಥಿತಿಗೆ ಬಂದ ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಗಿಲ್ಲ. ಹೊಲಿಗೆ ಕಲಿಯುವ ಮಗುವಿನ ಮುಂದೆ ಇಡಿ. ಕೈಮಿಷನ್ನಿಗೆ ಕರೆಂಟ್ ಬೇಡ, ವೇಗವೂ ಕೈಯ ಹಿಡಿತದಲ್ಲಿರುತ್ತದೆ. ಮೊದಲ ಪಾಠಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಹರಿದ ಸಮವಸ್ತ್ರವನ್ನು ತಾನೇ ಹೊಲಿದುಕೊಳ್ಳುವ ಹುಡುಗ, ಹುಡುಗಿ ಇಬ್ಬರೂ ನಮ್ಮ ಶಾಲೆಗಳಲ್ಲಿ ಬೇಕು. ಹೊಲಿಗೆ ಹೆಣ್ಣಿನ ಕೆಲಸ ಎನ್ನುವ ಹುಡುಗರಿಗೆ ಜಗಲಿಯ ದರ್ಜಿಯನ್ನು ತೋರಿಸಿ. ಗಂಡಸಿನ ಕಸುಬು ಎನ್ನುವವರಿಗೆ ಒಳಮನೆಯ ಅಮ್ಮನನ್ನು ತೋರಿಸಿ.

ಶಿಲಾಶಾಸನಗಳು ರಾಜರ ದಾನಗಳನ್ನು ಹೇಳುತ್ತವೆ. ಒಬ್ಬ ತಾಯಿ ಇರುಳೆಲ್ಲ ಚಕ್ರ ತಿರುಗಿಸಿ ಮಗಳಿಗೆ ಕೊಟ್ಟ ವಿದ್ಯಾದಾನವನ್ನು ಯಾವ ಕಲ್ಲೂ ಹೇಳುವುದಿಲ್ಲ. ಅದಕ್ಕೆ ಉಳಿದಿರುವ ಸಾಕ್ಷಿಗಳು ಎರಡೇ: ಯಂತ್ರದ ಮೇಲೆ ಅಚ್ಚೊತ್ತಿದ ಒಂದು ಸಂಖ್ಯೆ, ಮತ್ತು ಆ ತಾಯಿಯ ನೆನಪು. ಸಂಖ್ಯೆ ಕಬ್ಬಿಣದಲ್ಲಿದೆ, ಇನ್ನೂ ಕೆಲವು ಕಾಲ ಉಳಿದೀತು. ನೆನಪಿಗೆ ಅಷ್ಟು ಆಯಸ್ಸಿಲ್ಲ. ಆದುದರಿಂದ ಈ ರಜೆಯಲ್ಲೇ ಪುಸ್ತಕ, ಪೆನ್ನು ಹಿಡಿದು ಹೊರಡಿ. ಮೊದಲ ಪುಟ ನಿಮ್ಮ ಸ್ವಂತ ಮನೆಯದಾಗಿರಲಿ.